ಬಾಯಿಪಾಠ ಒಪ್ಪಿಸಿ ಪಾಸಾದ ತಲೆ

ಫುಟ್‌ಬಾಲ್ ವೈದ್ಯಕೀಯ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಲೆಗೆ ಪೆಟ್ಟು ಬಿದ್ದ ಆಟಗಾರ್ತಿಗೆ ಮೈದಾನದಲ್ಲೇ ಕೇಳುವ ನಿಮ್ಮ ನಾಲ್ಕು ಪ್ರಶ್ನೆಗಳು ನನ್ನ ಮಗಳನ್ನು ಕೊಲ್ಲುವ ಮೊದಲು ಅವನ್ನು ಬದಲಾಯಿಸಿ. ಇದು ಯಾರ ಮೈದಾನ? ಎದುರಾಳಿ ಯಾರು? ಇದು ಎಷ್ಟನೇ ಅರ್ಧ? ಕೊನೆಯ ಗೋಲು ಯಾರದು? ವರ್ಷಾನುಗಟ್ಟಲೆ ಇವೇ! ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ಪ್ರತಿ ಸಲ ಅದೇ ಪ್ರಶ್ನೆಪತ್ರಿಕೆ ಕೊಟ್ಟರೆ ಎಂಥ ದಡ್ಡರೂ ಪಾಸಾಗುತ್ತಾರೆಂದು ನಿಮ್ಮ ಘನ ಸಮಿತಿಗೆ ಹೊಳೆಯಲೇ ಇಲ್ಲವೇ?

ಮಗಳು ಡಿಫೆಂಡರ್. ಗೋಲು ಹೊಡೆದವಳ ಫೋಟೊ ತೆಗೆಯುತ್ತಾರೆ, ತಡೆದವಳ ಎಕ್ಸ್‌ರೇ ತೆಗೆಯುತ್ತಾರೆ. ಮೂಗು ಮುರಿದಿದೆ, ಮುಂದಿನ ಹಲ್ಲು ಯಾರದೋ ಮೊಣಕೈ ಏಟಿಗೆ ಹೋಗಿದೆ. ಪೆಟ್ಟಾಯಿತೆಂದು ಹೊರಬಂದವಳ ಜಾಗಕ್ಕೆ ಮರುದಿನವೇ ಇನ್ನೊಬ್ಬಳು ಬರುತ್ತಾಳೆ. ಅದಕ್ಕೇ ಆಟಕ್ಕೆ ಮೊದಲು, ಬೂಟಿನ ಲೇಸು ಕಟ್ಟುತ್ತಾ, ಕ್ಯಾಪ್ಟನ್ ಎಲ್ಲರಿಗೂ ಮಗ್ಗಿಯಂತೆ ಉತ್ತರ ಹೇಳಿಕೊಡುತ್ತಾಳೆ. ಗೋಲು ಬಿದ್ದಾಗ ಹೊಡೆದವಳ ನಂಬರನ್ನೂ ಕೂಗಿ ಹೇಳುತ್ತಾಳೆ. ಪಾಪ, ತನ್ನ ಹುಡುಗಿಯರ ಹೊಟ್ಟೆಪಾಡು ಉಳಿಯಲಿ ಅಂತ.

ಸೆಮಿಫೈನಲ್‌ನಲ್ಲಿ ಮೇಲಿಂದ ಬಂದ ಚೆಂಡಿಗೆ ಇಬ್ಬರು ಹಾರಿದರು. ಎದುರಾಳಿಯ ಹಣೆ ನನ್ನ ಮಗಳ ಕಪಾಲಕ್ಕೆ ಬಡಿಯಿತು. ತೆಂಗಿನಕಾಯಿ ಕಲ್ಲಿಗೆ ಅಪ್ಪಳಿಸಿದಂಥ ಸದ್ದು. ಅವಳು ಬಿದ್ದದ್ದು ಮೊದಲ ಸಾಲಿನಲ್ಲಿದ್ದ ನನ್ನ ಎದುರಿಗೇ. ಹುಬ್ಬು ಸೀಳಿ ರಕ್ತ ಕಿವಿಗೆ ಹರಿಯುತ್ತಿತ್ತು, ಕಾಲು ಅದುರುತ್ತಿತ್ತು. ತಂಡದ ಡಾಕ್ಟರು ಓಡಿಬಂದು, "ಕಣ್ಣು ಸರಿಯಾಗಿ ಕಾಣ್ತಿದೆಯೇನಮ್ಮ?" ಅಂದರು.

"ನಮ್ದೇ ಮೈದಾನ, ಬಂದರಿನ ತಂಡ, ಎರಡನೇ ಅರ್ಧ, ಹತ್ತನೇ ನಂಬರು," ಅಂದಳು ಮಗಳು.

ಕೇಳಿದ್ದೇನು, ಹೇಳಿದ್ದೇನು! ಡಾಕ್ಟರು ಹೆಬ್ಬೆರಳೆತ್ತಿದರು. ಅವಳನ್ನು ಆಡಿಸಬೇಡಿ ಅಂತ ನಾನು ಕಂಬಿ ಹಿಡಿದು ಬಡಕೊಂಡೆ. "ಸುಮ್ನಿರಿ ಅಮ್ಮ, ಅವಳು ಗಟ್ಟಿಗಿತ್ತಿ," ಅಂದರು.

ಗಟ್ಟಿಗಿತ್ತಿ ಬ್ಯಾಂಡೇಜು ಸುತ್ತಿಕೊಂಡು ಒಳಗೆ ಹೋದಳು. ಮರುಕ್ಷಣವೇ ಚೆಂಡು ಒಯ್ಯುತ್ತಿದ್ದವಳ ಕಾಲಿಗೆ ಎರಡೂ ಬೂಟು ಚಾಚಿ ಜಾರಿದಳು. ಕಾಲು ಲಟಕ್ಕನೆ ಮುರಿಯಿತು. ಮೂಳೆ ಕಾಲುಚೀಲ ಹರಿದು ಹೊರಬಂತು. ಮುರಿದದ್ದು ಅವಳದೇ ಕ್ಯಾಪ್ಟನ್ನಿನ ಕಾಲು, ಸ್ವಾಮಿ. ಎದುರಾಳಿ ಯಾರೆಂಬ ಪ್ರಶ್ನೆಗೆ ಪೂರ್ತಿ ಅಂಕ ತೆಗೆದವಳು ಮಾಡಿದ ಕೆಲಸ ಇದು! ನಿಮ್ಮ ವರದಿಯಲ್ಲಿ ಇದಕ್ಕೆ "ಸಮನ್ವಯದ ಕೊರತೆ" ಎಂಬ ಸೊಗಸಾದ ಹೆಸರಿದೆ.

ಈಗ ದಿನಾ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಇದೇ ಮಾತು.

"ಅಮ್ಮಾ, ಕ್ಯಾಪ್ಟನ್ ಅಕ್ಕ ಯಾಕೆ ಫೋನ್ ತೆಗೀತಿಲ್ಲ?"

"ಅವಳ ಕಾಲು ಮುರಿದಿದೆ ಕಣೇ."

"ಯಾರೇ ಅದು ಮುರಿದವಳು? ನಂಬರ್ ಹೇಳು, ಅವಳ ಎರಡೂ ಕಾಲು ಮುರೀತೀನಿ."

ಯಾರೋ ಗೊತ್ತಿಲ್ಲ ಮಗಾ ಅನ್ನುತ್ತೇನೆ. ಇದನ್ನು ಪೇಪರಿಗೆ ಬರೆಯಲು ಧೈರ್ಯ ಬಂದದ್ದೂ ಅವಳು ಓದಲಾರಳೆಂದೇ. ಅಕ್ಷರಗಳು ಕುಣಿಯುತ್ತವಂತೆ.

ಭಾನುವಾರ ಫೈನಲ್. ಪರೀಕ್ಷೆ ಪಾಸಾದರೆ ಆಡಲಿ ಅಂದಿದ್ದಾರೆ ಕೋಚು. ಮಗಳು ಈಗಲೇ ಪಕ್ಕದ ಕೋಣೆಯಲ್ಲಿ ಉತ್ತರ ಉರುಹೊಡೆಯುತ್ತಿದ್ದಾಳೆ. ಇನ್ನೊಂದು ಪೆಟ್ಟು ಬಿದ್ದರೆ? ನನ್ನ ಬೇಡಿಕೆ ಒಂದೇ. ನೀವೇ ಬನ್ನಿ, ಆ ನಾಲ್ಕು ಪ್ರಶ್ನೆ ಪಕ್ಕಕ್ಕಿಟ್ಟು ಒಂದೇ ಒಂದು ಕೇಳಿ: ನಿನ್ನ ಕ್ಯಾಪ್ಟನ್ನಿನ ಕಾಲು ಮುರಿದವರು ಯಾರು? ಉತ್ತರ ಬಂದರೆ ಆಡಿಸಿ. ಬಾರದಿದ್ದರೆ ಅವಳನ್ನು ಮನೆಗೆ ಕಳಿಸಿ. ಆ ಉತ್ತರವನ್ನು ಅವಳಿಗೆ ಯಾರೂ ಬಾಯಿಪಾಠ ಮಾಡಿಸಿಲ್ಲ. ನನ್ನ ಕೈಲಂತೂ ಆಗುವುದಿಲ್ಲ.

ಇಂತಿ,
ಮೊದಲ ಸಾಲಿನಲ್ಲಿ ಕೂತು ಸುಮ್ಮನಿರಲು ಬಾರದ,
ಐದನೇ ನಂಬರಿನವಳ ಅಮ್ಮ