ಲಂಬೂ ಮತ್ತು ಗಿಡ್ಡಿ

೧೪ ಮಾರ್ಚ್ ೨೦೦೦, ಮಂಗಳವಾರ. ಹೇವರ್ಡ್.

ಲಂಬೂ ಗಂಡು! ಸಂಜೆ ಭೂತಗನ್ನಡಿ ಹಿಡಿದು ನೋಡಿದೆ. ಗಿಡದ ಗೆಣ್ಣಿನಲ್ಲಿ ಪರಾಗದ ಪುಟ್ಟ ಚೀಲಗಳು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಕೀಮೋ ಶುರುವಾದ ಮೇಲೆ ಪಕ್ಕದ ಬೀದಿಯ ಕುಬೇರಪ್ಪಣ್ಣ ಅನ್ನ ಕಂಡರೆ ಮುಖ ತಿರುಗಿಸುತ್ತಾರೆ. ಹಸಿವು ಹುಟ್ಟಲೆಂದು ಡಾಕ್ಟರು ಗಾಂಜಾಕ್ಕೆ ಚೀಟಿ ಬರೆದರು, ಇಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. ಅಣ್ಣನೇ ತಮ್ಮ ಕಾಲೇಜು ದಿನಗಳ ಫಿಲ್ಮ್ ಡಬ್ಬಿಯಿಂದ ಇಪ್ಪತ್ತೈದು ವರ್ಷ ಹಳೆಯ ಬೀಜ ತೆಗೆದುಕೊಟ್ಟರು. ಹನ್ನೆರಡರಲ್ಲಿ ಮೊಳೆತದ್ದು ಎರಡೇ: ಸರಸರ ಎತ್ತರಕ್ಕೆ ಬೆಳೆದದ್ದು ಲಂಬೂ, ಕುಳ್ಳಗೇ ಉಳಿದದ್ದು ಗಿಡ್ಡಿ. ನನ್ನ ಬಟ್ಟೆಯಿಡುವ ಕ್ಲಾಸೆಟ್ಟಿನ ದೀಪದಡಿ ಜಾಗ ಒಂದಕ್ಕೇ. ನಾನೋ ಸ್ಟಾರ್ಟಪ್ಪಿನವನು, ಬೇಗ ಬೆಳೆಯುವವರನ್ನೇ ಆರಿಸಿ ಅಭ್ಯಾಸ. ಲಂಬೂನನ್ನು ಉಳಿಸಿಕೊಂಡು ಗಿಡ್ಡಿಗೆ ಲೇಆಫ್ ಕೊಡಲು ನಿನ್ನೆ ಸಂಜೆ ಕೈಹಾಕಿದೆ. ಗಿಡ ನೋಡಲು ಬಂದಿದ್ದ ಅಣ್ಣನ ಹೆಂಡತಿ ನೀಲಾಬಾಯಿ ತಡೆದರು.

"ಹೊತ್ತು ಮುಳುಗಿದ ಮ್ಯಾಲ ಗಿಡ ಕೀಳಬಾರದೋ ತಮ್ಮಾ."

"ಈ ಕ್ಲಾಸೆಟ್ಟಲ್ಲಿ ಸೂರ್ಯ ಹುಟ್ಟೋದೇ ಸಂಜೆ ಏಳಕ್ಕೆ, ಅಕ್ಕಾ. ಟೈಮರ್ ಇಟ್ಟಿದೀನಿ."

"ನಿನ್ನ ಟೈಮರ್ ಯಾರಿಗೆ ಬೇಕಾಗೇದ? ಮುಂಜಾನೆ ಕೀಳು."

ಮುಂಜಾನೆ ಮೀಟಿಂಗು, ಮರೆತೆ. ಹಾಗಾಗಿ ಗಿಡ್ಡಿ ಬದುಕಿದ್ದಾಳೆ. 'ಬದುಕಿದ್ದಾಳೆ' ಎಂದು ಬರೆದೆನಲ್ಲ, ಹೆಣ್ಣೆಂದು ಯಾರು ಹೇಳಿದರು? ಅದು ಇನ್ನೂ ಏನೂ ತೋರಿಸಿಲ್ಲ.

ಔಷಧಿಗೆ ಬರುವುದು ಹೆಣ್ಣು ಗಿಡದ ಹೂವು ಮಾತ್ರ. ಗಿಡ್ಡಿ ಹೆಣ್ಣೇ ಆದರೂ ಲಂಬೂನ ಪರಾಗ ಸಿಡಿದರೆ ಅದರ ಹೂವೆಲ್ಲ ಬೀಜ ಕಟ್ಟಿ ಔಷಧಿಗೆ ಬಾರದೆ ಹೋದೀತು. ಲಂಬೂನನ್ನು ತಕ್ಷಣ ಕೀಳಬೇಕಿತ್ತು. ಹೊರಗೆ ಕತ್ತಲು, ಕೈ ಬರಲಿಲ್ಲ. ಕುಂಡದ ಸಮೇತ ಬಾತ್‌ರೂಮಿಗೆ ಒಯ್ದು ಬಾಗಿಲು ಹಾಕಿದೆ.

ಎಂಟಕ್ಕೆ ಅಕ್ಕನ ಫೋನು. "ಇವತ್ತ ಎರಡು ತುತ್ತು ಮೊಸರನ್ನ ಉಂಡ್ರು, ಅದೂ ನಿಲ್ಲಲಿಲ್ಲ. ಗಿಡ ಹೆಂಗ ಅದಾವ?"

"ಚೆನ್ನಾಗಿವೆ ಅಕ್ಕಾ" ಎಂದೆ.

ನಾಲ್ಕು ಸಲ ಎದ್ದು ಗಿಡ್ಡಿಯ ಗೆಣ್ಣು ನೋಡಿ ಬಂದೆ. ಐದನೆಯ ಸಲ ಹೋಗಬಾರದು. ಭೂತಗನ್ನಡಿ ಮಾತ್ರ ಇನ್ನೂ ಎಡಗೈಯಲ್ಲೇ ಇದೆ.