ಮೂರನೇ ಮಹಡಿ ದಾಟಿದ ಮೇಲಿನ ಸದ್ದು

ಪ್ರೀತಿಯ ಚಿಕ್ಕಪ್ಪ,

ಫೋನಿನಲ್ಲಿ ನಾನು ಹೇಳುವುದು ನಿಮಗೆ ಕೇಳಿಸುತ್ತಿಲ್ಲ. ಈ ಒಂದು ಸಾಲನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದುಬಿಡೋಣ ಎಂದುಕೊಂಡಿದ್ದೆ. ಆದರೆ ಈ ಕಾಲದಲ್ಲಿ ಅಣ್ಣನ ಮಗಳು ಕಾಗದ ಬರೆದಳೆಂದರೆ ಕಾರಣ ನಿಮಗೆ ಹೊಳೆಯದೆ ಇರುತ್ತದೆಯೇ? ಹೋದ ವಾರ ನಮ್ಮ ಕಟ್ಟಡದ ಲಿಫ್ಟ್ ಸದ್ದು ಮಾಡುತ್ತಿದೆ ಎಂದೆ. ನೀವು ನಗುತ್ತಾ, "ಊಟ ಆಯ್ತಮ್ಮ, ನಿಂದಾಯ್ತಾ?" ಎಂದಿರಿ. ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿದವರು, ಆ ಮಾತು ಕಿವಿಗೆ ಬಿದ್ದಿದ್ದರೆ ಊಟದ ಸುದ್ದಿ ಎತ್ತುತ್ತಿದ್ದಿರಾ?

ಸದ್ದು ಹೀಗಿದೆ: ಮೂರನೇ ಮಹಡಿ ದಾಟಿದ ಕೂಡಲೇ ಯಾರೋ ಲೊಚಗುಟ್ಟಿದ ಹಾಗೆ, ಒಂದೇ ಸಲ. ಹತ್ತುವಾಗ ಮಾತ್ರ, ಇಳಿಯುವಾಗ ಇಲ್ಲ. ಖಾಲಿ ಇದ್ದರೂ ಇಲ್ಲ. ಕಾರಣ ಹುಡುಕುತ್ತಾ ಇಂಟರ್‌ನೆಟ್ಟಿನಲ್ಲಿ ಅಲೆದಾಗ ಒಂದು ಪತ್ರಿಕೆ ಸಿಕ್ಕಿತು. ಬರೀ ಲಿಫ್ಟುಗಳ ಬಗ್ಗೆಯೇ ಒಂದು ಪತ್ರಿಕೆ, ಚಿಕ್ಕಪ್ಪ! ನಡೆಸುವವಳು ಹಲ್ಲಿನ ಡಾಕ್ಟರು. ಒಂದು ಸಂಚಿಕೆಯ ತುಂಬ ಬೆರಳು ತಾಗಿ ತಾಗಿ ಅಂಕಿ ಅಳಿಸಿಹೋದ ಗುಂಡಿಗಳ ಚಿತ್ರಗಳು. ಇನ್ನೊಂದರಲ್ಲಿ, ಲಿಫ್ಟಿನೊಳಗೆ ಅಪರಿಚಿತರು ಎತ್ತ ನೋಡುತ್ತಾರೆ ಎಂಬ ಉದ್ದನೆಯ ಲೇಖನ. ಅದೇ ಜಾಡು ಹಿಡಿದು ಹೋದರೆ ಪಾರ್ಕಿನ ಬೆಂಚುಗಳಿಗೊಂದು ಪತ್ರಿಕೆ, ರಸ್ತೆಯಲ್ಲಿ ಬಿದ್ದ ಒಂಟಿ ಚಪ್ಪಲಿಗಳಿಗೊಂದು. ಇವನ್ನು ಯಾರು ಓದುತ್ತಾರೋ ಎಂದು ನಗುತ್ತಲೇ ಓದಿದೆ. ಓದುವವರಲ್ಲಿ ನಾನೂ ಒಬ್ಬಳಾದೆ.

ಲಿಫ್ಟ್ ಪತ್ರಿಕೆಯ ಕೊನೆಯ ಪುಟದಲ್ಲಿ ಓದುಗರು ಕಳಿಸಿದ ಸದ್ದುಗಳಿರುತ್ತವೆ. ಕೇಳಿ, ಕಾಯಿಲೆ ಏನೆಂದು ಉಳಿದವರು ಹೇಳಬೇಕು. ನಮ್ಮ ಲಿಫ್ಟಿನ ಲೊಚಗುಟ್ಟುವಿಕೆಯನ್ನೂ ಕಳಿಸಿದೆ. ಒಬ್ಬ ತುಕ್ಕು ಎಂದ, ಒಬ್ಬಳು ಸಡಿಲವಾದ ನಟ್ಟು ಎಂದಳು, ಮತ್ತೊಬ್ಬ ಮೂರನೇ ಮಹಡಿಯವರ ಮೇಲೆ ಅದಕ್ಕೆ ಅಸಮಾಧಾನ ಎಂದ. ಕೊನೆಗೆ ಡಾಕ್ಟರಮ್ಮ ಬರೆದಳು: ಇದು ದೂರದಿಂದ ತಿಳಿಯುವಂಥದ್ದಲ್ಲ, ಬಲ್ಲವರೊಬ್ಬರು ಒಳಗೆ ನಿಂತು ಕೇಳಬೇಕು.

ಆಗ ನೆನಪಾದದ್ದು ನಿಮ್ಮ ಮೊದಲ ಸವಾರಿ. ರಿಪೇರಿ ಮುಗಿದ ಮೇಲೆ ನೀವು ಯಾರನ್ನೂ ಹತ್ತಿಸುತ್ತಿರಲಿಲ್ಲ. "ಮೊದಲ ಸವಾರಿ ರಿಪೇರಿ ಮಾಡಿದವನದ್ದೇ. ಸಿಕ್ಕಿಕೊಂಡ್ರೆ ಅವನೊಬ್ಬನೇ ಸಿಕ್ಕಿಕೊಳ್ಳಲಿ," ಎಂದು ಕಣ್ಣು ಮುಚ್ಚಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಿರಿ. ಚಿಕ್ಕವಳಾಗಿದ್ದ ನಾನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ, ಜಾಲರಿ ಬಾಗಿಲಿನಾಚೆ ನಿಮ್ಮ ಮುಖ ಮೇಲೇರಿ ಹೋಗುವುದನ್ನು ನೋಡುತ್ತಿದ್ದೆ. ಚಿಕ್ಕಮ್ಮ ಅಣಕಿಸುತ್ತಿದ್ದರು: "ಲಿಫ್ಟ್ ಗೊಣಗಿದ್ರೆ ಇವರಿಗೆ ಬೀದಿಯಾಚೆಯಿಂದ ಕೇಳಿಸುತ್ತೆ. ನಾನು ಪಕ್ಕದಲ್ಲೇ ಕೂತು ಗೊಣಗಿದ್ರೆ ಕಿವುಡು!" ಮೊನ್ನೆ ಅದೇ ಚಿಕ್ಕಮ್ಮ ಮೆಲ್ಲಗೆ, "ಈಗ ಹಾಗೆ ಅಣಕಿಸೋಕೂ ಬಾಯಿ ಬರಲ್ಲ ಕಣೆ," ಎಂದರು. ನಿಮಗೆ ತಂದ ಕಿವಿಯ ಮಿಷಿನ್ನು ಸ್ಕ್ರೂಡ್ರೈವರ್ ಡಬ್ಬಿಯಲ್ಲಿ ಮಲಗಿದೆಯಂತೆ. "ಮಿಷಿನ್ ರಿಪೇರಿ ಮಾಡೋನಿಗೇ ಮಿಷಿನ್ ಹಾಕ್ತೀರಾ?" ಎಂದಿರಂತೆ.

ನಿಮಗೆ ನಾನು ಗಾಳ ಹಾಕುತ್ತಿದ್ದೇನೆಯೇ ಎಂದು ಕೇಳಿಕೊಂಡೆ. ಹೌದು ಅನ್ನಿಸಿತು. ಆದರೆ ಗಾಳದ ತುದಿಯ ಹುಳು ಸುಳ್ಳಲ್ಲ. ಆ ಸದ್ದು ಏನೆಂದು ನನಗೆ ನಿಜಕ್ಕೂ ತಿಳಿಯಬೇಕು. ತಿಂಗಳ ಕೊನೆಗೆ ಹಳೆಯ ಲಿಫ್ಟನ್ನು ಕಿತ್ತು ಹೊಸದು ಕೂರಿಸುತ್ತಾರೆ. ಆಮೇಲೆ ಯಾರೂ ಹೇಳಲಾರರು. ಅಷ್ಟರೊಳಗೆ ನೀವೊಮ್ಮೆ ಬಂದು ಕೇಳಬೇಕು. ಮಿಷಿನ್ ಹಾಕಿಕೊಂಡರೂ ನಿಮಗೆ ಕೇಳಿಸದೆ ಹೋಗಬಹುದು, ಕೇಳಿಸಿಯೂ ತಿಳಿಯದೆ ಹೋಗಬಹುದು. ಆಗ ಇಬ್ಬರೂ ಮೇಲೆ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಾ ತಲೆ ಕೆರೆದುಕೊಳ್ಳೋಣ.

ಪತ್ರಿಕೆಯ ಕೆಲವು ಪುಟಗಳನ್ನು ಕನ್ನಡಕ್ಕೆ ತಂದು ಜೊತೆಗಿಟ್ಟಿದ್ದೇನೆ. ಇಂಗ್ಲಿಷ್ ಮೀಡಿಯಮ್ಮಿನವಳ ಕನ್ನಡ. ನಕ್ಕರೂ ಸರಿ, ಓದಿ. ಬರುವಾಗ ಆ ಸ್ಕ್ರೂಡ್ರೈವರ್ ಡಬ್ಬಿಯನ್ನು ಇಡಿಯಾಗಿ ತನ್ನಿ. ಈ ಸಲದ ಸವಾರಿಯಲ್ಲಿ ನನಗೂ ಜಾಗ ಕೊಡಿ. ಸಿಕ್ಕಿಕೊಂಡರೆ ಇಬ್ಬರೂ ಸಿಕ್ಕಿಕೊಳ್ಳೋಣ.

ನಿಮ್ಮ ಕುತೂಹಲ ಬತ್ತದಿರಲಿ.

ಇಂತು,
ನಿಮ್ಮ ಹಿಂದೆ ಮೆಟ್ಟಿಲು ಹತ್ತಿ ಓಡುತ್ತಿದ್ದವಳು

ಮೊದಲ ಸಾಲನ್ನು ಹೊಡೆದುಹಾಕುವ ಮನಸ್ಸು ಬರುವ ಮುಂಚೆಯೇ ಇದನ್ನು ಅಂಚೆಗೆ ಹಾಕುತ್ತೇನೆ: ನಾಳೆ, ಜೂನ್ ಒಂಬತ್ತು.