ಎಲೀಯನ ಕಂಬಳಿಯ ತುಂಡು

ತ್ಬಿಲಿಸಿ
ಏಪ್ರಿಲ್ 19, 2012

ಬಿಮುರ್ಜಾ,

ಮೂವತ್ತೈದು ವರ್ಷದ ಮೇಲೆ ಹೆಂಡತಿಯ ಕೈಬರಹ ಕಂಡು ಯಾರೋ ಸತ್ತಿರಬೇಕು ಎಂದುಕೊಳ್ಳುತ್ತೀಯ. ಯಾರೂ ಸತ್ತಿಲ್ಲ. ನಮ್ಮ ಇಯಾ ಕುತೈಸಿಯಲ್ಲಿ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ನನಗೆ ಮಂಡಿನೋವು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಹಿಂದೆ ನೀನು ಬರೆದ ಮೂರು ಕಾಗದಗಳನ್ನು ನಾನು ಒಡೆಯದೆ ವಾಪಸ್ ಕಳಿಸಿದ್ದೆ. ಇದನ್ನು ನೀನೂ ಹಾಗೇ ಕಳಿಸಿದರೆ ಕೇಳಲು ನನಗೆ ಬಾಯಿಲ್ಲ. ಆದರೂ ಓದು. ಊರದ್ರೋಹಿ ಎಂಬ ಹೆಸರನ್ನು ಇಷ್ಟು ವರ್ಷ ನೀನು ಹೊತ್ತೆಯಲ್ಲ, ಅದು ನಿನ್ನದಲ್ಲ, ನನ್ನದು. ಅದನ್ನು ಹೇಳುವುದಕ್ಕೇ ಈ ಕಾಗದ.

ನಮ್ಮ ಮಹಡಿಯ ಎತೇರಿ ಹೋದ ತಿಂಗಳು ಬಂದು ಬಾಗಿಲು ಬಡಿದಳು. ಸೋವಿಯತ್ ಕಾಲದ ಗೂಢಚಾರರ ಕಡತಗಳನ್ನು ಈಗ ಯಾರು ಬೇಕಾದರೂ ಕೇಳಿ ಓದಬಹುದಲ್ಲ, ಅವಳ ಅಜ್ಜನನ್ನು ಹಿಡಿದೊಯ್ದ ವಿಷಯ ಹುಡುಕಬೇಕಿತ್ತು. "ಎಲ್ಲಿ ಹೂತ್ರು ಅಂತ ಒಂದು ಸಾಲಾದ್ರೂ ಸಿಗತ್ತಾ ನೋಡೋಣ, ನೀನೂ ಬಾರೇ, ಒಬ್ಬಳೇ ಹೋಗಕ್ಕೆ ಎದೆ ಹೊಡ್ಕೊಳತ್ತೆ" ಎಂದಳು. ಹೋದೆ. ಅವಳು ಚೀಟಿ ತುಂಬುವಾಗ ಸುಮ್ಮನೆ ಕೂರಲಾಗದೆ ನಾನೂ ಒಂದು ಚೀಟಿ ತುಂಬಿದೆ. ಊರು ನಿನ್ನ ಲೆಖ್ತಾರ್, ವರ್ಷ 1977.

ಸುಮ್ಮನೆ ಅಂದೆನಲ್ಲ, ಅದು ಸುಳ್ಳು. ನಿನ್ನ ಸಹಿ ನೋಡಬೇಕಿತ್ತು ನನಗೆ. ಆ ಕಡತದ ಯಾವುದಾದರೂ ಹಾಳೆಯ ಕೆಳಗೆ ನಿನ್ನ ಹೆಸರಿದ್ದರೆ, ನಾನು ಮಗಳನ್ನು ಎತ್ತಿಕೊಂಡು ಬೆಟ್ಟ ಇಳಿದದ್ದು ಸರಿ ಎಂದು ನೆಮ್ಮದಿಯಾಗಿ ಸಾಯಬಹುದು. ಕಡತ ಕೊಡುವ ಹುಡುಗಿ ಉಗುರಿಗೆ ಕೆಂಪು ಬಣ್ಣ ಹಚ್ಚಿದ್ದಳು. "ಅಮ್ಮಾ, ಇಲ್ಲಿ ಎಲ್ರೂ ಅಳ್ತಾರೆ, ಕರ್ಚೀಫ್ ತಂದಿದೀರಾ?" ಎಂದು ಕೇಳಿದಳು. "ನಾನು ಅಳಕ್ಕೆ ಬಂದಿಲ್ಲಮ್ಮ, ಗೆಲ್ಲಕ್ಕೆ ಬಂದಿದೀನಿ" ಎಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಕಂದು ರಟ್ಟಿನ ಕಡತ. 'ಅತಿ ಗೋಪ್ಯ' ಎಂಬ ಮುದ್ರೆಯ ಮೇಲೆ ಈಗಿನವರು ಕೆಂಪು ಗೀಟು ಎಳೆದಿದ್ದಾರೆ. ವಿಷಯ ಎಂಬಲ್ಲಿ ಹೀಗಿದೆ: ಲೆಖ್ತಾರ್ ಗ್ರಾಮದ ಇಗರ್ಜಿಯಲ್ಲಿ ಅಡಗಿಸಿರುವ, ಪ್ರವಾದಿ ಎಲೀಯನ ಕಂಬಳಿಯದೆನ್ನಲಾದ ತುಂಡು. ದೇವರೇ ಇಲ್ಲ ಎಂದು ಶಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸಿದವರು, ದೇವರ ಪ್ರವಾದಿಯ ಕಂಬಳಿಗೆ ಅರವತ್ತನಾಲ್ಕು ಪುಟ ಬರೆದಿದ್ದರು. ನನಗೆ ನಗು ಬಂತು. ಜನ ಸರ್ಕಾರದ ನ್ಯಾಯಾಲಯ ಬಿಟ್ಟು ಆ ತುಂಡಿನ ಮುಂದೆ ಆಣೆಯಿಟ್ಟು ವ್ಯಾಜ್ಯ ತೀರಿಸಿಕೊಳ್ಳುತ್ತಾರೆ, ಅದು ಇರುವ ತನಕ ಆ ಕಣಿವೆ ನಮ್ಮ ಮಾತು ಕೇಳದು ಎಂದು ಒಬ್ಬ ಅಧಿಕಾರಿ ಬರೆದಿದ್ದಾನೆ. ಅಷ್ಟು ಮಾತ್ರ ಅವನು ಸರಿಯಾಗಿ ತಿಳಿದಿದ್ದ.

ಹನ್ನೊಂದನೇ ಪುಟಕ್ಕೆ ನನ್ನ ನಗು ನಿಂತಿತು.

ತಿನಾತಿನ್ ನೆನಪಿದ್ದಾಳಾ? ಹಳೇ ಹಾಡು ಬರೆದುಕೊಳ್ಳಲು ಪಟ್ಟಣದಿಂದ ಬಂದು ಆ ಆಗಸ್ಟಿನಲ್ಲಿ ಎರಡು ವಾರ ನಮ್ಮ ಮನೆಯಲ್ಲಿ ಉಳಿದಿದ್ದವಳು. ಅತಿಥಿ ದೇವರ ಕಡೆಯವಳು ಎಂದು ನೀನು ನಿನ್ನ ಮಂಚವನ್ನೇ ಬಿಟ್ಟುಕೊಟ್ಟಿದ್ದೆ. ಅವಳು ಹಾಡೂ ಬರೆದುಕೊಂಡಳು, ವರದಿಯನ್ನೂ ಬರೆದಳು.

ನಿನಗೆ ಎಂದೂ ಹೇಳದ ಮಾತೊಂದು ಹೇಳುತ್ತೇನೆ. ನಿನ್ನ ಊರಿನಲ್ಲಿ ಅದು ನನಗೆ ನಾಲ್ಕನೇ ವರ್ಷ. ನೀವೆಲ್ಲ ಸ್ವಾನ್ ಮಾತಾಡುವ ಬೆಟ್ಟದವರು, ನಾನು ಬಯಲುಸೀಮೆಯವಳು. ನೀನು ಹುಲ್ಲು ಕೊಯ್ಯಲು ಮೇಲೆ ಹೋದರೆ ವಾರಗಟ್ಟಲೆ ನನ್ನ ಮಾತು ಕೇಳುತ್ತಿದ್ದುದು ಕೋಳಿಗಳು ಮತ್ತು ಮೂರು ವರ್ಷದ ಇಯಾ. ನಾನು ಒಂಟಿಯಾಗಿದ್ದೆ, ಬಿಮುರ್ಜಾ. ಹಾಗಿರುವಾಗ ನನ್ನ ಭಾಷೆಯ ಹೆಂಗಸೊಬ್ಬಳು ನನ್ನ ಒಲೆಯ ಪಕ್ಕ ಕೂತು, "ಯಜಮಾನ್ರ ಕೈಲಿ ಇಗರ್ಜಿ ಬೀಗದ ಕೈ ಇದೆ ಅಂದ್ರೆ ಸುಮ್ನೇನಾ ಮಕ್ವಾಲಾ, ನೀವು ಈ ಊರಿಗೆ ರಾಣಿ ಇದ್ದ ಹಾಗೆ ಕಣ್ರೀ" ಎಂದಳು. ನಾಲ್ಕು ವರ್ಷದಲ್ಲಿ ನನಗೆ ಯಾರೂ ಒಂದು ಒಳ್ಳೆಯ ಮಾತು ಅಂದಿರಲಿಲ್ಲ. ನಾನು ಉಬ್ಬಿದೆ. ಮಾಂಸ ತುಂಬಿದ ಕುಬ್ದಾರಿ ರೊಟ್ಟಿಗೆ ಹಿಟ್ಟು ನಾದುತ್ತಲೇ ಹೇಳಿಬಿಟ್ಟೆ: "ಪೀಠದ ಹಿಂದೆ, ಎಡಗಡೆ, ಮೂರನೇ ಕಲ್ಲು. ವರ್ಷಕ್ಕೊಂದ್ಸಲ ನಮ್ಮನೆಯವರು ತೆಗೆದು ಪುದೀನ ಇಟ್ಟು ಬರ್ತಾರೆ, ನುಸಿ ಹಿಡೀದಿರಲಿ ಅಂತ."

ವರದಿಯಲ್ಲಿ ಪುದೀನದ ತನಕ ಎಲ್ಲಾ ಇದೆ. ಕೊನೆಯಲ್ಲಿ: ಮೂಲ, ಬೀಗದ ಕೈ ಇರುವವನ ಹೆಂಡತಿ, ಕೇಳದೆಯೇ ಹೇಳಿದಳು.

ಕೇಳದೆಯೇ ಹೇಳಿದಳು. ಅದನ್ನು ನಾನು ಎಷ್ಟು ಸಲ ಓದಿದೆನೋ. ಕೆಂಪುಗುರಿನ ಹುಡುಗಿ ನೀರು ತಂದುಕೊಟ್ಟಳು.

ನಿನಗೆ ಗೊತ್ತಿತ್ತು. ಇಗರ್ಜಿ ತೋರಿಸಲು ಕರೆದೊಯ್ದಾಗ ಆ ಹೆಂಗಸು ದೇವರ ಪಟಗಳನ್ನೂ ನೋಡದೆ ನೇರ ಮೂರನೇ ಕಲ್ಲಿನ ಕಡೆ ಕಣ್ಣು ಹಾಯಿಸಿರಬೇಕು. ನೀನು ಮನೆಗೆ ಬಂದು, ಬೂಟು ಕೂಡ ಬಿಚ್ಚದೆ, "ಆಯಮ್ಮನ ತಾವ ಏನಾರ ಅಂದ್ಯಾ?" ಎಂದು ಕೇಳಿದೆ. "ನಾನ್ಯಾಕೆ ಅನ್ನಲಿ?" ಎಂದೆ. ನೀನು ಬೀಗದ ಕೈ ಹಿಡಿದು ಮತ್ತೆ ಹೊರಗೆ ಹೋದೆ.

ಸೆಪ್ಟೆಂಬರಿನಲ್ಲಿ ಆರು ಜನ ಬಂದರು. ಮನೆಯನ್ನೆಲ್ಲ ಜಾಲಾಡಿದರು, ಆಮೇಲೆ ಇಗರ್ಜಿಗೆ ಹೋಗಿ ಮೂರನೇ ಕಲ್ಲನ್ನೇ ಕಿತ್ತು, ಪೆಟ್ಟಿಗೆಯನ್ನು ಮುಚ್ಚಿದಂತೆಯೇ ಹೊತ್ತುಕೊಂಡು ಹೋದರು. ಊರಿಗೆ ಊರೇ ಬೇಲಿಯ ಹತ್ತಿರ ನಿಂತು ನೋಡಿತು. ಊರಿನ ಲೆಕ್ಕದಲ್ಲಿ ಆ ಕಲ್ಲು ಗೊತ್ತಿದ್ದದ್ದು ನಿನ್ನೊಬ್ಬನಿಗೆ, ಆದ್ದರಿಂದ ಮಾರಿದವನು ನೀನೇ. ಹಿರಿಯರು ನಿನ್ನನ್ನು ಪಟದ ಮುಂದೆ ಆಣೆಗೆ ಕರೆದರು. ನಾನು ಇಯಾಳನ್ನು ಎತ್ತಿಕೊಂಡು ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ನೀನು ಟೋಪಿ ಕೈಯಲ್ಲಿ ಹಿಡಿದು ಹೊರಬಂದೆ. ಹಿಂದೆಯೇ ಹಿರಿಯರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಗೆರಾಸಿಮೆ ಬಂದ, ನಿನ್ನ ಬೀಗದ ಕೈ ಅವನ ಕೈಯಲ್ಲಿತ್ತು. "ಆಣೆ ಇಡಲಿಲ್ಲ" ಎಂದು ಯಾರೋ ಹೆಂಗಸರಿಗೆ ಹೇಳಿದರು. ಆಣೆ ಇಡದವನು ಒಪ್ಪಿಕೊಂಡವನು, ನಿಮ್ಮಲ್ಲಿ ಅದು ಮಗುವಿಗೂ ಗೊತ್ತು.

ಆಗ ನನಗೆ ಏನಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ನನ್ನ ಎದೆ ಹಗುರವಾಯಿತು. ಸದ್ಯ, ನನ್ನಿಂದ ಅಲ್ಲ, ಇವನಿಂದ ಎಂದುಕೊಂಡೆ. ಆ ಹಗುರವನ್ನು ಕಳೆದುಕೊಳ್ಳಬಾರದೆಂದೇ ನಿನ್ನ ಮೇಲೆ ಅಷ್ಟು ಕೂಗಾಡಿದೆ. ಅದಕ್ಕೇ ಬಿಟ್ಟುಬಂದೆ, ಅದಕ್ಕೇ ಕಾಗದಗಳನ್ನು ವಾಪಸ್ ಮಾಡಿದೆ. ಬಸ್ಸಿನವನ ಕೈಲಿ ಪ್ರತಿ ವರ್ಷ ನೀನು ಕಳಿಸುತ್ತಿದ್ದ ಬೆಳ್ಳುಳ್ಳಿ ಹಾಕಿ ಕುಟ್ಟಿದ ಉಪ್ಪನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದೆ. ಅಂಥ ಉಪ್ಪು ಇಲ್ಲಿ ಯಾರಿಗೂ ಕುಟ್ಟಲು ಬರುವುದಿಲ್ಲ.

ಮೂವತ್ತೊಂಬತ್ತನೇ ಪುಟದಲ್ಲಿ ಆ ಆಣೆಯ ಮಾತನ್ನು ಅನುವಾದಿಸಿ ಬರೆದಿದ್ದಾರೆ. 'ನಾನಾಗಲಿ, ನನ್ನ ಒಲೆಯ ರೊಟ್ಟಿ ತಿನ್ನುವ ಯಾರೇ ಆಗಲಿ, ಹೇಳಿದವರಲ್ಲ.' ನನಗೆ ಇದು ಗೊತ್ತಿರಲಿಲ್ಲ, ಬಿಮುರ್ಜಾ. ಆಣೆ ಎಂದರೆ ಒಬ್ಬೊಬ್ಬರದು ಎಂದು ತಿಳಿದಿದ್ದೆ, ನಮ್ಮ ಬಯಲಿನಲ್ಲಿ ಹಾಗೇ. ನಿನ್ನ ಮಟ್ಟಿಗೆ ನೀನು ಧಾರಾಳವಾಗಿ ಆಣೆ ಇಡಬಹುದಿತ್ತು. ನನ್ನನ್ನು ಸೇರಿಸಿ ಇಡಲಾಗಲಿಲ್ಲ. ಸುಳ್ಳಾಣೆ ಇಡುವವನೂ ನೀನಲ್ಲ, ನನ್ನ ಹೆಸರು ಹೇಳುವವನೂ ಅಲ್ಲ. ಸುಮ್ಮನೆ ಟೋಪಿ ಕೈಯಲ್ಲಿ ಹಿಡಿದು ಹೊರಗೆ ಬಂದೆ.

ಇನ್ನು ನಲವತ್ತನೇ ಪುಟ. ಜಿಲ್ಲೆಯ ಕಚೇರಿಯಲ್ಲಿ ಪೆಟ್ಟಿಗೆ ತೆರೆದರಂತೆ. ಒಂದು ಹಿಡಿ ಒಣಗಿದ ಪುದೀನ ಬಿಟ್ಟರೆ ಏನೂ ಇರಲಿಲ್ಲವಂತೆ. ಮಾನ ಹೋಗುತ್ತದೆ ಎಂದು ಅವರು ಅದನ್ನು ಯಾರಿಗೂ ಹೇಳಲಿಲ್ಲ. ಊರಿನವರು ಇವತ್ತಿಗೂ ಅದು ಅವರ ಕೈ ಸೇರಿತು ಎಂದೇ ತಿಳಿದಿದ್ದಾರೆ. ಮುಂದಿನ ಹಾಳೆ, ಅಕ್ಟೋಬರಿನಲ್ಲಿ ಜುಗ್ದಿದಿ ಬಸ್ ನಿಲ್ದಾಣದಲ್ಲಿ ನನ್ನ ಗಂಟುಮೂಟೆ ಬಿಚ್ಚಿಸಿದ್ದರಲ್ಲ, ಅದರ ಪಟ್ಟಿ. ಹೆಂಗಸಿನ ಬಟ್ಟೆ, ಗಿಣ್ಣು ಎರಡು ಗುಂಡು, ಮಗುವಿನ ಉಣ್ಣೆ ರಜಾಯಿ ಒಂದು. ಧಾರ್ಮಿಕ ವಸ್ತು ಏನೂ ಇಲ್ಲ.

ಮಗುವಿನ ಉಣ್ಣೆ ರಜಾಯಿ ಒಂದು. ಅದರ ಮೇಲೆ ಬೆರಳಿಟ್ಟುಕೊಂಡು ಅವರು ಬಾಗಿಲು ಹಾಕುವ ತನಕ ಕೂತಿದ್ದೆ. ಬಸ್ಸಿನ ಬಾಗಿಲಲ್ಲಿ ನೀನು ಹೇಳಿದ್ದು ಒಂದೇ ಮಾತು: "ಇದ ಯಾರಿಗೂ ಕೊಡಬ್ಯಾಡ, ಮಗೀಗೆ ಚಳಿ ಆಯ್ತದೆ." ಆರು ಜನ ಮನೆ ಜಾಲಾಡುವಾಗ ಇಯಾ ಆ ರಜಾಯಿಯೊಳಗೇ ಮಲಗಿದ್ದಳು. ಅದರ ಒಂದು ಮೂಲೆಯನ್ನು ನೀನು ಕುದುರೆಯ ಜೀನು ಹೊಲಿಯುವ ಮೇಣದ ದಾರದಲ್ಲಿ ಒರಟಾಗಿ ಹೊಲಿದಿದ್ದೆ. ನಾನು ಹೊಲಿಗೆಯಲ್ಲೇ ಬದುಕಿ ಮಗಳನ್ನು ಸಾಕಿದವಳು. ಬೆಟ್ಟದ ಗಂಡಸಿಗೆ ಸೂಜಿ ಹಿಡಿಯಲು ಬರುವುದಿಲ್ಲ ಎಂದು ಆ ಮೂಲೆ ಕಂಡಾಗೆಲ್ಲ ಆಡಿಕೊಂಡಿದ್ದೇನೆ, ಬಿಚ್ಚಿ ನೋಡಲಿಲ್ಲ.

ತೊಂಬತ್ತಮೂರರ ಜನವರಿಯಲ್ಲಿ ನೀನು ಇಲ್ಲಿಗೆ ಬಂದೆ. ಆ ಚಳಿಗಾಲ ನೆನಪಿದೆ, ಕರೆಂಟಿಲ್ಲ, ಗ್ಯಾಸಿಲ್ಲ, ಜನ ನೆಲದ ಹಲಗೆ ಕಿತ್ತು ಒಲೆಗೆ ಹಾಕುತ್ತಿದ್ದರು. ದಾರಿಯುದ್ದಕ್ಕೂ ಬಂದೂಕು ಹಿಡಿದವರು. ಅವರನ್ನೆಲ್ಲ ದಾಟಿ ಎರಡು ದಿನ ಪ್ರಯಾಣ ಮಾಡಿ ಬಂದವನನ್ನು ನಾನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಲ್ಲಿಸಿದೆ. ನೀನು ಕೇಳಿದ್ದು ಒಂದೇ: "ಮಗಳ ರಜಾಯಿ ಐತಾ?"

ಹದಿನೈದು ವರ್ಷದ ಮೇಲೆ ಬಂದವನು ಹೇಗಿದ್ದೀಯ ಎನ್ನದೆ ಕೊಟ್ಟ ಬಟ್ಟೆ ವಾಪಸ್ ಕೇಳುತ್ತಿದ್ದಾನೆ ಎಂದು ಮೈಯೆಲ್ಲ ಉರಿಯಿತು. "ಒಲೆಗೆ ಹಾಕಿದೆ, ಹೋದ ವಾರ. ಸೌದೆ ಇರಲಿಲ್ಲ" ಎಂದೆ.

ನೀನು ಗೋಡೆಗೆ ಕೈಯೂರಿದೆ. "ಮಗೀಗೆ ಬೆಚ್ಚಗಾಯ್ತಾ?" ಎಂದು ಕೇಳಿದೆ. ವ್ಯಂಗ್ಯ ಎಂದುಕೊಂಡು ಬಾಗಿಲು ಹಾಕಿಕೊಂಡೆ. ನೀನು ಮೆಟ್ಟಿಲು ಇಳಿಯುವ ಸದ್ದು ಕೇಳಲು ಕಾದೆ. ಬಹಳ ಹೊತ್ತು ಇಳಿಯಲಿಲ್ಲ ನೀನು.

ಅವತ್ತು ನೀನು ಏನನ್ನು ಹೊತ್ತುಕೊಂಡು ವಾಪಸ್ ಹೋದೆ ಎಂದು ಈಗ ತಿಳಿದಿದೆ. ಆ ಸರ್ಕಾರ ಹೋದ ಮೇಲೆ, ರಜಾಯಿಯಲ್ಲಿಟ್ಟು ಹೊಲಿದ ತುಂಡನ್ನು ಕೊಂಡೊಯ್ದು ಹಿರಿಯರ ಮುಂದಿಟ್ಟು ಹೆಸರು ತೊಳೆದುಕೊಳ್ಳಲು ಬಂದವನು, ಊರಿನವರು ಎಂಟುನೂರು ವರ್ಷ ಕಾಯ್ದದ್ದನ್ನು ನನ್ನ ಹೆಂಡತಿ ಒಲೆಗಿಟ್ಟಳು ಎಂಬ ಮಾತು ಹೊತ್ತು ಹೋದೆ. ಅದನ್ನೂ ಯಾರಿಗೂ ಹೇಳಲಿಲ್ಲ. ಮತ್ತೆ ಹತ್ತೊಂಬತ್ತು ವರ್ಷ.

ಬಸ್ಸಿನ ವಖ್ತಾಂಗ್ ಹೇಳಿದ, ಊರಿನ ಸಾವಿನೂಟಕ್ಕೆ ಇನ್ನೂ ನಿನ್ನನ್ನು ಕರೆಯುವುದಿಲ್ಲವಂತೆ. ಈ ಚಳಿಗಾಲ ಪೂರ್ತಿ ಕೆಮ್ಮಿದೆಯಂತೆ. "ಆ ಮುದುಕಪ್ಪನ ಹೆಣಕ್ಕೆ ಹೆಗಲು ಕೊಡಾಕೂ ಯಾರೂ ಬರಾಕಿಲ್ಲ ಕಣಕ್ಕಾ" ಎಂದ. ಅದನ್ನು ಕೇಳಿದ ಮೇಲೆ ನನಗೆ ಈ ಮನೆಯಲ್ಲಿ ಕೂರಲಾಗುತ್ತಿಲ್ಲ. ಇಯಾ ಗಂಡನ ಮನೆಗೆ ಹೋದಾಗಿನಿಂದ ಇಲ್ಲಿ ಒಂದೇ ತಟ್ಟೆ ತೊಳೆಯುತ್ತಿದ್ದೇನೆ, ನೀನು ಅಲ್ಲಿ ಒಂದು ತಟ್ಟೆ. ಇದರಲ್ಲಿ ಗೆದ್ದವರು ಯಾರು ಹೇಳು?

ಮೇ ಮೊದಲ ಗುರುವಾರ, ದಾರಿಯ ಹಿಮ ಕರಗಿದ ಮೇಲೆ, ವಖ್ತಾಂಗನ ಬಸ್ಸಿಗೆ ಬರುತ್ತೇನೆ. ಕಡತದ ನಕಲು ನನ್ನ ಬಳಿ ಇದೆ, ಮುದ್ರೆ ಹಾಕಿಸಿದ್ದೇನೆ. ಮೊದಲು ಗೆರಾಸಿಮೆಯ ಮನೆಗೆ ಹೋಗಿ ಹನ್ನೊಂದನೇ ಪುಟವನ್ನು ನಾನೇ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಅವರು ನನ್ನನ್ನು ಏನಂದರೂ ಅನ್ನಲಿ. ನೀನು ನಡುವೆ ಬಾಯಿ ಹಾಕಬೇಡ, ಒಮ್ಮೆಯಾದರೂ ನನ್ನ ಮಾತು ನಾನೇ ಹೊರುತ್ತೇನೆ. ನನ್ನನ್ನು ಮನೆಯೊಳಗೆ ಕರೆಯಬೇಕೆಂದು ಕೇಳುತ್ತಿಲ್ಲ. ಹೊಸ್ತಿಲಲ್ಲಿ ನಿಲ್ಲಿಸಿದರೆ ನಿಲ್ಲುತ್ತೇನೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ, ಅದು ಬಹಳ ಸಣ್ಣ ಮಾತಾಗುತ್ತದೆ.

ನಿನ್ನ ಒಲೆಯ ರೊಟ್ಟಿ ತಿಂದವಳು,
ಮಕ್ವಾಲಾ

ಮರೆತ ಮಾತು: ಮರೆತದ್ದಲ್ಲ, ಸಹಿ ಹಾಕುವ ತನಕ ಧೈರ್ಯ ಬರಲಿಲ್ಲ. ಅವತ್ತು ಹೊಸ್ತಿಲಲ್ಲಿ ಹೇಳಿದ್ದು ಸುಳ್ಳು. ಆ ಚಳಿಯಲ್ಲಿ ಕುರ್ಚಿಗಳನ್ನು ಸುಟ್ಟೆ, ನನ್ನ ಹೊಲಿಗೆಯ ಮೇಜನ್ನೂ ಸುಟ್ಟೆ, ರಜಾಯಿಯನ್ನು ಸುಡಲಿಲ್ಲ. ನಿನ್ನನ್ನು ನೋಯಿಸಬೇಕಿತ್ತು, ಹೇಳಿಬಿಟ್ಟೆ. ಅದು ಕಪಾಟಿನ ಮೇಲೆಯೇ ಇತ್ತು, ನೀನು ನಿಂತಿದ್ದ ಜಾಗದಿಂದ ಹತ್ತು ಹೆಜ್ಜೆ ದೂರ. ಮೊನ್ನೆ ಇಳಿಸಿ ಆ ಮೂಲೆಯನ್ನು ಎರಡು ಬೆರಳಿನಷ್ಟು ಮಾತ್ರ ಬಿಚ್ಚಿದೆ. ಪುದೀನದ ಪುಡಿ ಉದುರಿತು, ಅದರ ಹಿಂದೆ ಕಂದು ಬಣ್ಣದ ಒರಟು ಕಂಬಳಿಯ ಅಂಚು ಕಂಡಿತು. ನಾನು ಮುಟ್ಟಲಿಲ್ಲ. ಮತ್ತೆ ಹೊಲಿದಿದ್ದೇನೆ, ಮೇಣದ ದಾರದಲ್ಲೇ, ನಿನ್ನ ಹೊಲಿಗೆಯ ಹಳೇ ತೂತುಗಳಲ್ಲೇ ಸೂಜಿ ಹಾಕಿ.